ಬೆಳದಿಂಗಳ ಚಿತ್ರದ ಮೂಡ್ ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳದಿಂಗಳ ಲ್ಯಾಂಡ್‌ಸ್ಕೇಪ್ ನೋಡಿದವರು ಸಾಮಾನ್ಯವಾಗಿ ಮೊದಲು ಹೇಳುವ ಮಾತು "ಎಷ್ಟು ಶಾಂತವಾಗಿದೆ" ಅಂತ. ಕೆಲವು ಚಿತ್ರಗಳು ನಿಜವಾಗಲೂ ಶಾಂತವಾಗಿರುತ್ತವೆ. ಇನ್ನು ಕೆಲವದರಲ್ಲಿ ಶಾಂತಿಯ ಜೊತೆಗೆ ಬೇರೆ ಏನೋ ಸೇರಿಕೊಂಡಿರುತ್ತದೆ: ಕಾಯುವಿಕೆ, ಅಳುಕು, ಒಂಟಿತನ, ಕೆಲವೊಮ್ಮೆ ಸಣ್ಣ ಸಂಭ್ರಮ. ಅದು ಚಿತ್ರದಲ್ಲಿ ಎಲ್ಲಿಂದ ಬರುತ್ತದೆ ಅಂತ ಕೇಳುವವರಿಗಾಗಿ ಈ ಪ್ರಶ್ನೋತ್ತರ.

ಚಿತ್ರದ ಎದುರು ನಿಂತಾಗ ಮೊದಲು ಏನು ನೋಡಬೇಕು?

ಚಂದ್ರನನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿ. ಕೈ ಚಾಚಿ, ಹೆಬ್ಬೆರಳನ್ನು ಕಣ್ಣಿಗೂ ಚಿತ್ರಕ್ಕೂ ನಡುವೆ ಹಿಡಿದು ಚಂದ್ರನನ್ನು ಮುಚ್ಚಿಬಿಡಿ. ಈಗ ಏನು ಉಳಿಯಿತು? ಬೆಳಕು ಯಾವುದರ ಮೇಲೆ ಬಿದ್ದಿದೆ, ಯಾವುದನ್ನು ಮುಟ್ಟದೆ ಹೋಗಿದೆ ಅಂತ ನೋಡಿ. ಗೋಡೆ ಬೆಳಗಿ ಬಾಗಿಲು ಕತ್ತಲಲ್ಲಿದೆಯಾ? ದಾರಿ ಕಾಣುತ್ತಾ, ಕಂಡರೂ ಅದು ಹೋಗಿ ಸೇರುವ ಜಾಗ ಕಾಣುತ್ತಾ?

ಹೀಗೆ ಹೇಳೋದಕ್ಕೆ ಕಾರಣವಿದೆ. ಮೊದಲ ನೋಟಕ್ಕೆ ಚಂದ್ರ ಬಹುಪಾಲು ಬೆಳದಿಂಗಳ ಚಿತ್ರಗಳಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತಾನೆ, ಒಂದು ಬಿಳಿ ಮಚ್ಚೆ ಅಷ್ಟೇ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಬದಲಾಗುವುದು ಕತ್ತಲು. ಎಷ್ಟು ಕತ್ತಲು, ಎಂಥ ಕತ್ತಲು, ಅದರೊಳಗೆ ಕಣ್ಣಿಗೆ ಏನಾದರೂ ಸಿಗುತ್ತದೆಯೋ ಇಲ್ಲವೋ. ಕತ್ತಲಲ್ಲಿ ಮರದ ಬೊಡ್ಡೆ, ಬೇಲಿ, ಮಲಗಿದ ದನ ನಿಧಾನಕ್ಕೆ ಕಾಣಿಸಿಕೊಂಡರೆ ನಮಗೆ ಆ ಜಾಗ ಪರಿಚಿತ ಅನ್ನಿಸುತ್ತದೆ. ಎಷ್ಟು ಹೊತ್ತು ನೋಡಿದರೂ ಬರೀ ಕಪ್ಪು ಇದ್ದರೆ ಮನಸ್ಸು ಆ ಕಪ್ಪಿನೊಳಗೆ ತಾನೇ ಏನನ್ನೋ ತುಂಬಿಸಲು ಶುರು ಮಾಡುತ್ತದೆ. ನನ್ನ ಮಟ್ಟಿಗೆ ಬೆಳದಿಂಗಳ ಚಿತ್ರದ ಮೂಡ್ ಕೂತಿರುವುದೇ ಅಲ್ಲಿ. ಮುಂದಿನ ಉತ್ತರಗಳನ್ನೂ ಇದೇ ನಂಬಿಕೆಯಿಂದ ಬರೆದಿದ್ದೇನೆ.

ಮೂಡ್ ಬೇರೆ, ವಾತಾವರಣ ಬೇರೆಯಾ?

ಬೇರೆ ಬೇರೆ ಅಂತ ಇಟ್ಟುಕೊಂಡರೆ ಯೋಚಿಸುವುದು ಸುಲಭ. ವಾತಾವರಣ ಚಿತ್ರದೊಳಗಿನ ಗಾಳಿ: ಮಂಜಿದೆಯಾ, ಈಗಷ್ಟೇ ಮಳೆ ನಿಂತಿದೆಯಾ, ಚಳಿಯಾ, ಮೋಡ ಓಡುತ್ತಿದೆಯಾ. ಮೂಡ್ ಅಂದರೆ ಅದನ್ನು ನೋಡುವಾಗ ನಮ್ಮೊಳಗೆ ಆಗುವುದು. ಮೊದಲನೆಯದನ್ನು ಬೆರಳಿಟ್ಟು ತೋರಿಸಬಹುದು. ಎರಡನೆಯದನ್ನು ತೋರಿಸೋಕಾಗಲ್ಲ, ಆದರೆ ಅದಕ್ಕೆ ಕಾರಣವಾದದ್ದನ್ನು ತೋರಿಸಬಹುದು.

ಬೆಳದಿಂಗಳು ನಿಜವಾಗಲೂ ನೀಲಿನಾ? ಚಿತ್ರಗಳಲ್ಲಿ ಯಾಕೆ ಯಾವಾಗಲೂ ನೀಲಿ?

ನೀಲಿ ಅಲ್ಲ. ಚಂದ್ರನ ಮೇಲೆ ಬಿದ್ದು ವಾಪಸ್ ಬಂದ ಬಿಸಿಲೇ ಬೆಳದಿಂಗಳು. ಉಪಕರಣದಲ್ಲಿ ಅಳೆದರೆ ಅದು ಬಿಸಿಲಿಗಿಂತ ಒಂಚೂರು ಕೆಂಪಿನ ಕಡೆಗೇ ವಾಲಿರುತ್ತದೆ. ಅದು ನೀಲಿಯಾಗಿ ಕಾಣುವುದಕ್ಕೆ ಕಾರಣ ನಮ್ಮ ಕಣ್ಣು. ಹುಣ್ಣಿಮೆಯ ಚಂದ್ರ ಸೂರ್ಯನಿಗಿಂತ ಸುಮಾರು 4 ಲಕ್ಷ ಪಟ್ಟು ಮಂಕು. ಅಷ್ಟು ಕಡಿಮೆ ಬೆಳಕಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳ ಕೆಲಸ ತುಂಬ ಕಡಿಮೆಯಾಗುತ್ತದೆ, ರಾಡ್ ಕೋಶಗಳು ಆ ಜಾಗಕ್ಕೆ ಬರುತ್ತವೆ. ರಾಡ್‌ಗಳಿಗೆ ಬಣ್ಣ ತಿಳಿಯುವುದಿಲ್ಲ, ಆದರೆ ನೀಲಿ-ಹಸಿರು ಬೆಳಕಿಗೆ ಅವು ಚುರುಕು, ಕೆಂಪಿಗೆ ಹೆಚ್ಚುಕಮ್ಮಿ ಕುರುಡು. ಹಾಗಾಗಿ ಸಂಜೆ ಕತ್ತಲಾಗುತ್ತಾ ಹೋದಂತೆ ಕೆಂಪು ಹೂವು ಮೊದಲು ಕಪ್ಪಾಗುತ್ತದೆ, ಎಲೆ ಇನ್ನೂ ಕಾಣುತ್ತಿರುತ್ತದೆ. 19ನೇ ಶತಮಾನದ ಆರಂಭದಲ್ಲಿ ಇದನ್ನು ಗಮನಿಸಿ ಬರೆದವರು ಪುರ್ಕಿಂಜೆ ಎಂಬ ಚೆಕ್ ವಿಜ್ಞಾನಿ. ಈ ಬದಲಾವಣೆಗೆ ಇವತ್ತಿಗೂ ಅವರದೇ ಹೆಸರು.

ಇನ್ನೊಂದು ವಿಷಯ. ನಾವು ನೆಟ್ಟ ದೃಷ್ಟಿಯಿಂದ ನೋಡುವ ಬಿಂದುವಿಗೆ ಕಣ್ಣಿನ ಹಿಂಪರದೆಯಲ್ಲಿ ಒಂದು ಜಾಗವಿದೆ. ಅದರ ನಟ್ಟನಡುವೆ ರಾಡ್‌ಗಳೇ ಇಲ್ಲ. ಅಂದರೆ ರಾತ್ರಿ ಯಾವುದನ್ನು ನೇರವಾಗಿ ದಿಟ್ಟಿಸುತ್ತೇವೋ ಅದೇ ಸರಿಯಾಗಿ ಕಾಣುವುದಿಲ್ಲ, ಪಕ್ಕದಲ್ಲಿದ್ದದ್ದು ಕಾಣುತ್ತದೆ. ರಾತ್ರಿ ಹೊರಗಿದ್ದಾಗ "ಅಲ್ಲಿ ಏನೋ ಇತ್ತಲ್ಲ" ಅನ್ನಿಸಿ ತಿರುಗಿದರೆ ಏನೂ ಇರದಿರುವುದಕ್ಕೆ ಇದೂ ಒಂದು ಕಾರಣ. ಒಳ್ಳೆಯ ಕಲಾವಿದರು ಈ ಅನುಭವವನ್ನೇ ಚಿತ್ರಕ್ಕೆ ತರುತ್ತಾರೆ. ನೀಲಿ ಬಳಿಯುವುದು ಅದರಲ್ಲಿ ಸಣ್ಣ ಭಾಗ. ಕೆಂಪನ್ನು ಸಾಯಿಸುವುದು, ವಿವರವನ್ನು ತಡೆಹಿಡಿಯುವುದು, ಅಂಚುಗಳನ್ನು ಕರಗಿಸುವುದು ಅದಕ್ಕಿಂತ ದೊಡ್ಡ ಕೆಲಸ.

ಹಾಗಂತ ಎಲ್ಲರೂ ನೀಲಿಯನ್ನೇ ಬಳಸಿಲ್ಲ. 17ನೇ ಶತಮಾನದ ಡಚ್ ಕಲಾವಿದ ಆರ್ಟ್ ವಾನ್ ಡರ್ ನೇರ್ ಅವರ ನದಿ ದಂಡೆಯ ರಾತ್ರಿಗಳು ಬಹುಪಾಲು ಕಂದು, ಬೂದು, ತಿಳಿ ಹಳದಿ. ಅವುಗಳನ್ನು ನೋಡಿದರೆ ಚಳಿಗಿಂತ ಹೆಚ್ಚಾಗಿ ತೇವ ಅನ್ನಿಸುತ್ತದೆ. ರಷ್ಯಾದ ಆರ್ಖಿಪ್ ಕುಯಿಂಜಿ 1880ರಲ್ಲಿ ಮಾಡಿದ ದ್ನೀಪರ್ ನದಿಯ ಬೆಳದಿಂಗಳು ಹಸಿರು.

ನೀಲಿ ಅಂದರೆ ದುಃಖ, ಹಳದಿ ಅಂದರೆ ಖುಷಿ ಅಂತ ಓದಬಹುದಾ?

ಬೇಡ. ಬಣ್ಣಕ್ಕೊಂದು ಅರ್ಥ ಅಂತ ಪಟ್ಟಿ ಇಟ್ಟುಕೊಂಡರೆ ನೋಡುವ ಕೆಲಸವೇ ನಿಂತುಹೋಗುತ್ತದೆ. ಪಕ್ಕದ ಬಣ್ಣ ಯಾವುದು ಅನ್ನುವುದು ಮುಖ್ಯ. ಅದೇ ನೀಲಿ, ಪಕ್ಕದಲ್ಲಿ ಕಿಟಕಿಯ ಕಿತ್ತಳೆ ಇದ್ದರೆ ಹಿತವಾದ ರಾತ್ರಿ. ಬೂದಿ ಬಣ್ಣ ಇದ್ದರೆ ಬಿಟ್ಟುಹೋದ ಜಾಗ.

ಚಂದ್ರ ಎಲ್ಲಿದ್ದಾನೆ, ಎಷ್ಟು ದೊಡ್ಡವನಿದ್ದಾನೆ ಅನ್ನುವುದರಿಂದ ಏನು ತಿಳಿಯುತ್ತದೆ?

ಬಹಳ ತಿಳಿಯುತ್ತದೆ. ಚಂದ್ರನನ್ನು ಮುಚ್ಚಿಟ್ಟ ಹೆಬ್ಬೆರಳನ್ನು ಈಗ ತೆಗೆಯಬಹುದು.

ಮೊದಲು ಹೊತ್ತು. ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟುತ್ತಾನೆ. ಹಾಗಾಗಿ ದಿಗಂತದ ಹತ್ತಿರ ದುಂಡು ಚಂದ್ರನಿದ್ದರೆ ಅದು ಒಂದೋ ಮುಸ್ಸಂಜೆ, ಇಲ್ಲವೇ ನಸುಕು. ಶುಕ್ಲಪಕ್ಷದ ಬಿದಿಗೆ, ತದಿಗೆಯ ಎಳೆ ಚಂದ್ರ ಸಂಜೆ ಪಶ್ಚಿಮದಲ್ಲಿ ಸ್ವಲ್ಪ ಹೊತ್ತು ಮಾತ್ರ ಕಾಣುತ್ತಾನೆ. ಕೃಷ್ಣಪಕ್ಷದ ಕೊನೆಯ ಎಳೆ ಬೆಳಗಿನ ಜಾವ ಪೂರ್ವದಲ್ಲಿ. ಇದು ಗೊತ್ತಿದ್ದರೆ ಚಿತ್ರದಲ್ಲಿರುವುದು ಮುಗಿಯುತ್ತಿರುವ ರಾತ್ರಿಯೋ, ಶುರುವಾಗುತ್ತಿರುವ ರಾತ್ರಿಯೋ ಅನ್ನುವುದನ್ನು ಊಹಿಸಬಹುದು. ಮೂಡ್‌ಗೆ ಇದು ದೊಡ್ಡ ವ್ಯತ್ಯಾಸ, ಅಲ್ವಾ? ಮನೆಗೆ ಹೋಗುವ ಹೊತ್ತು ಬೇರೆ, ಯಾರೂ ಎದ್ದಿರದ ಹೊತ್ತು ಬೇರೆ.

ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಶ್ ಅವರ "ಚಂದ್ರನನ್ನು ನೋಡುತ್ತಿರುವ ಇಬ್ಬರು" ಚಿತ್ರ 1819-20ರದ್ದು, ಡ್ರೆಸ್ಡೆನ್‌ನಲ್ಲಿದೆ. ಅದರಲ್ಲಿ ಎಳೆ ಚಂದ್ರ ಇದ್ದಾನೆ, ಆದರೆ ಅವನ ಕತ್ತಲ ಭಾಗವೂ ಮಸುಕಾಗಿ ಕಾಣುತ್ತದೆ. ಭೂಮಿಯಿಂದ ಪ್ರತಿಫಲಿಸಿದ ಬೆಳಕು ಚಂದ್ರನ ಮೇಲೆ ಬಿದ್ದಾಗ ಹೀಗೆ ಕಾಣುವುದು ನಿಜ. ಪಕ್ಕದಲ್ಲಿ ಶುಕ್ರ ಗ್ರಹವಿದೆ. ಅಂದರೆ ಸೂರ್ಯ ಮುಳುಗಿ ಹೆಚ್ಚು ಹೊತ್ತಾಗಿಲ್ಲ, ಚಂದ್ರ ಇನ್ನೇನು ಮುಳುಗಲಿದ್ದಾನೆ. ಆ ಇಬ್ಬರು ನೋಡುತ್ತಿರುವುದು ಜಾಸ್ತಿ ಹೊತ್ತು ಉಳಿಯದ ಒಂದು ನೋಟವನ್ನು. ಚಿತ್ರದ ಬಣ್ಣವೂ ನೀಲಿಯಲ್ಲ, ಕಂದು-ನೇರಳೆ. ಮುಂದೆ ಬೇರು ಕಿತ್ತು ವಾಲಿದ ಓಕ್ ಮರ, ಹಿಂದೆ ವರ್ಷವಿಡೀ ಹಸಿರಾಗಿರುವ ಮರ. ಇಷ್ಟೆಲ್ಲ ಕೂಡಿ ಬರುವ ಭಾವಕ್ಕೆ ಬರೀ "ಶಾಂತ" ಅನ್ನುವ ಮಾತು ಸಾಲುವುದಿಲ್ಲ.

ಇನ್ನು ಗಾತ್ರ. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ. ಕೈ ಚಾಚಿ ಹಿಡಿದ ಕಿರುಬೆರಳಿನ ಅರ್ಧದಷ್ಟು. ಬಹಳ ಜನ ಕಲಾವಿದರು ಅವನನ್ನು ಇದಕ್ಕಿಂತ ದೊಡ್ಡದಾಗಿಯೇ ಬರೆಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪಾಮರ್ 1830ರ ಸುಮಾರಿಗೆ ಬರೆದ ಒಂದು ಚಿಕ್ಕ ಚಿತ್ರದಲ್ಲಿ ಕೊಯ್ದ ಪೈರಿನ ಸಿವುಡುಗಳ ನಡುವೆ ಒಬ್ಬ ಮನುಷ್ಯ ನಾಯಿ ಜೊತೆ ನಡೆಯುತ್ತಿದ್ದಾನೆ. ಮೇಲೆ ಭಾರಿ ಗಾತ್ರದ ಬಾಗಿದ ಚಂದ್ರ, ಜೊತೆಗೆ ಬೆಳ್ಳಿ ಚುಕ್ಕಿ. ಅಲ್ಲಿ ಚಂದ್ರ ದೂರದ ವಸ್ತುವಲ್ಲ, ಹೊಲವನ್ನು ಕಾಯುವ ಯಾರೋ ಹಿರಿಯರ ಹಾಗೆ ಹತ್ತಿರ ಬಂದಿದ್ದಾನೆ. ಚಂದ್ರ ಚಿಕ್ಕವನಾಗಿ, ಎತ್ತರದಲ್ಲಿದ್ದರೆ ಇದಕ್ಕೆ ಉಲ್ಟಾ ಪರಿಣಾಮ: ಕೆಳಗಿನ ಜಗತ್ತು ಅವನಿಗೆ ಸಂಬಂಧವಿಲ್ಲದ್ದು ಅನ್ನಿಸುತ್ತದೆ.

ಚಂದ್ರನ ಆಕಾರವನ್ನು ಕಲಾವಿದ ತಪ್ಪಾಗಿ ಬರೆದಿದ್ದರೆ?

ಯಾಕೆ ಬದಲಾಯಿಸಿರಬಹುದು ಅಂತ ಕೇಳಿ. ವ್ಯಾನ್ ಗೋ 1889ರ ಜೂನ್‌ನಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯ ಪೂರ್ವದ ಕಿಟಕಿಯ ನೋಟದಿಂದ ಬರೆದ ನಕ್ಷತ್ರಗಳ ರಾತ್ರಿಯಲ್ಲಿ ಎಳೆ ಚಂದ್ರನಿದ್ದಾನೆ. ಆ ದಿನಗಳಲ್ಲಿ ಆಕಾಶದಲ್ಲಿದ್ದದ್ದು ಅರ್ಧಕ್ಕಿಂತ ದೊಡ್ಡ ಚಂದ್ರ ಅಂತ ಲೆಕ್ಕ ಹಾಕಿದವರು ಹೇಳುತ್ತಾರೆ. ಬಾಗಿದ ಎಳೆ ಚಂದ್ರ ಆ ಸುರುಳಿ ಸುರುಳಿ ಆಕಾಶಕ್ಕೆ ಹೊಂದುತ್ತದೆ. ಮುಕ್ಕಾಲು ದುಂಡಗಿನ ಚಂದ್ರ ಅಲ್ಲಿ ಭಾರವಾಗಿ ನಿಂತುಬಿಡುತ್ತಿತ್ತು ಅಂತ ನನಗನ್ನಿಸುತ್ತದೆ.

ಚಂದ್ರನೇ ಕಾಣದಿದ್ದರೆ ಅದು ಬೆಳದಿಂಗಳ ಚಿತ್ರ ಹೇಗಾಗುತ್ತದೆ?

ಬೆಳಕಿದ್ದರೆ ಸಾಕು. ಜೇಮ್ಸ್ ವಿಸ್ಲರ್ 1870ರ ದಶಕದಲ್ಲಿ ಥೇಮ್ಸ್ ನದಿಯ ರಾತ್ರಿಗಳನ್ನು ಬರೆದರು. ಮೊದಲು ಅವನ್ನು "ಬೆಳದಿಂಗಳುಗಳು" ಅಂತ ಕರೆಯುತ್ತಿದ್ದರು. ಅವರ ಚಿತ್ರಗಳನ್ನು ಕೊಳ್ಳುತ್ತಿದ್ದ ಫ್ರೆಡರಿಕ್ ಲೇಲೆಂಡ್ ಸಂಗೀತದಿಂದ "ನಾಕ್ಟರ್ನ್" (ರಾತ್ರಿಯ ಭಾವದ ರಚನೆ) ಎಂಬ ಹೆಸರು ಸೂಚಿಸಿದರು, ಅದೇ ನಿಂತಿತು. 1871ರ ಚೆಲ್ಸಿಯ ಚಿತ್ರದಲ್ಲಿ ಚಂದ್ರ ಇಲ್ಲವೇ ಇಲ್ಲ, ನೀರೂ ಆಕಾಶವೂ ಒಂದೇ ನೀಲಿ-ಬೂದಿನಲ್ಲಿ ಬೆರೆತಿವೆ. ವಿಸ್ಲರ್ ಬಣ್ಣವನ್ನು ತುಂಬ ತೆಳ್ಳಗೆ ಮಾಡಿ ಉದ್ದುದ್ದ ಎಳೆಯುತ್ತಿದ್ದರು. ದೃಶ್ಯವನ್ನು ನೋಡಿ, ಬೆನ್ನು ತಿರುಗಿಸಿ ನಿಂತು ಏನೇನಿತ್ತು ಅಂತ ನೆನಪಿನಿಂದ ಹೇಳಿ, ಆಮೇಲೆ ಸ್ಟುಡಿಯೋದಲ್ಲಿ ಬರೆಯುವುದು ಅವರ ಪದ್ಧತಿ. ಹಾಗಾಗಿ ನೆನಪಿನಲ್ಲಿ ಉಳಿಯದ ವಿವರಗಳು ಚಿತ್ರದಲ್ಲೂ ಇಲ್ಲ. ಆ ಚಿತ್ರಗಳ ಎದುರು ನಿಂತರೆ ಜಾಗಕ್ಕಿಂತ ಜಾಗದ ನೆನಪು ನೋಡುತ್ತಿರುವ ಹಾಗೆ ಅನ್ನಿಸುವುದು ಇದರಿಂದಲೇ.

ಅಂಚುಗಳನ್ನು ನೋಡಿ ಅಂತಾರಲ್ಲ, ಹಾಗಂದ್ರೆ ಏನು?

ಒಂದು ವಸ್ತು ಮುಗಿದು ಇನ್ನೊಂದು ಶುರುವಾಗುವ ಗೆರೆ. ಮರದ ತಲೆಗೂ ಆಕಾಶಕ್ಕೂ ನಡುವೆ, ದಡಕ್ಕೂ ನೀರಿಗೂ ನಡುವೆ. ಅದು ಕತ್ತರಿಸಿದ ಹಾಗೆ ಚೂಪಾಗಿದೆಯಾ, ಇಲ್ಲ ಎಲ್ಲಿ ಮುಗಿಯಿತು ಅಂತ ಹೇಳಲಾಗದಷ್ಟು ಕರಗಿದೆಯಾ?

ಕರಗಿದ ಅಂಚು ಮಂಜನ್ನು, ತೇವವನ್ನು, ನಿದ್ದೆಯನ್ನು ತರುತ್ತದೆ. ಚೂಪು ಅಂಚು ಎಚ್ಚರವನ್ನು ತರುತ್ತದೆ. ಇಂಗ್ಲೆಂಡಿನ ಲೀಡ್ಸ್ ಊರಿನ ಕಲಾವಿದ ಜಾನ್ ಅಟ್ಕಿನ್ಸನ್ ಗ್ರಿಮ್‌ಶಾ (1836-1893) ಅವರ ಬೀದಿಗಳನ್ನು ಹುಡುಕಿ ನೋಡಿ. ಎಲೆ ಉದುರಿದ ಕೊಂಬೆಗಳು ಒಂದೊಂದೂ ಬಿಡಿಬಿಡಿಯಾಗಿ, ಸೂಜಿಯ ಮೊನೆಯಷ್ಟು ಸ್ಪಷ್ಟವಾಗಿ ಹೊಳೆಯುವ ಆಕಾಶದ ಎದುರು ನಿಂತಿರುತ್ತವೆ. ಕೆಳಗೆ ಒದ್ದೆ ದಾರಿ, ಎತ್ತರದ ಕಾಂಪೌಂಡ್ ಗೋಡೆ, ಸಾಮಾನ್ಯವಾಗಿ ಒಬ್ಬಳೇ ಹೆಂಗಸು. ಕೆಟ್ಟದ್ದೇನೂ ನಡೆಯುತ್ತಿಲ್ಲ. ಆದರೂ ಅವಳು ಆ ದಾರಿ ಮುಗಿಸಿದರೆ ಸಾಕು ಅನ್ನಿಸುತ್ತದೆ. ಯಾಕೆಂದರೆ ನಿಜವಾದ ರಾತ್ರಿಯಲ್ಲಿ ನಮಗೆ ಅಷ್ಟು ಸ್ಪಷ್ಟವಾಗಿ ಕಾಣುವುದೇ ಇಲ್ಲ. ಅಷ್ಟೊಂದು ವಿವರ ಕಂಡಾಗ ಕಣ್ಣು ತಾನಾಗಿ ಎಚ್ಚರವಾಗುತ್ತದೆ.

ನೀರಿದ್ದರೆ ಏನು ಗಮನಿಸಬೇಕು?

ಚಂದ್ರನ ಹೊಳಪಿನ ಪಟ್ಟಿಯನ್ನು. ನಿಂತ ನೀರಿನಲ್ಲಿ ಚಂದ್ರನ ಬಿಂಬ ದುಂಡಗಿರುತ್ತದೆ. ಸಣ್ಣ ಅಲೆ ಎದ್ದರೆ ಅದು ನಮ್ಮ ಕಡೆಗೆ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಅಲೆ ಜೋರಾದಂತೆ ಪಟ್ಟಿ ಅಗಲವಾಗಿ ಚೂರುಚೂರಾಗುತ್ತದೆ. ಗಾಳಿ ಎಷ್ಟಿದೆ ಅಂತ ಹೇಳುವುದು ಆ ಪಟ್ಟಿಯೇ. ಅಷ್ಟೇ ಅಲ್ಲ, ಆ ಹೊಳಪು ಯಾವಾಗಲೂ ನೋಡುವವರ ಕಡೆಗೇ ಬರುತ್ತದೆ. ದಂಡೆಯಲ್ಲಿ ಹತ್ತು ಜನ ನಿಂತರೆ ಹತ್ತೂ ಜನಕ್ಕೆ ಅವರವರ ಕಡೆಗೆ. ಹಾಗಾಗಿ ಚಿತ್ರದಲ್ಲಿ ಆ ಪಟ್ಟಿ ಕೆಳಗಿನ ಚೌಕಟ್ಟಿನವರೆಗೂ ಬಂದರೆ ನಾವೂ ನೀರಿನ ಅಂಚಿಗೆ ಬಂದು ನಿಂತ ಹಾಗಾಗುತ್ತದೆ. ನಡುವೆ ಕಪ್ಪು ದಡವೊಂದು ಅದನ್ನು ಕತ್ತರಿಸಿದರೆ ನಾವು ಹೊರಗಿನವರಾಗಿ ಉಳಿಯುತ್ತೇವೆ.

ನಾರ್ವೆಯ ಎಡ್ವರ್ಡ್ ಮುಂಕ್ ಈ ಪಟ್ಟಿಯನ್ನು ಒಂದು ದಪ್ಪ ಕಂಬದ ಥರ ಬರೆದರು, ಮೇಲೆ ಚಂದ್ರ ಗುಂಡಗೆ ಕೂತಿರುತ್ತಾನೆ. 1899-1900ರಲ್ಲಿ ಅವರು ಬರೆದ ಸಮುದ್ರ ತೀರದ ಕುಣಿತದ ಚಿತ್ರದಲ್ಲೂ ಆ ಕಂಬ ಇದೆ. ಹೊಳಪು ಮಿನುಗುವುದಿಲ್ಲ, ಕದಲುವುದಿಲ್ಲ. ಮುಂದೆ ಜನ ಕುಣಿಯುತ್ತಿದ್ದರೂ ಹಿಂದೆ ಅದು ಗಟ್ಟಿಯಾಗಿ ನಿಂತು ನೋಡುತ್ತಿರುತ್ತದೆ. ನೀರಿನ ಮೇಲಿನ ಬೆಳಕನ್ನು ಅಲುಗದಂತೆ ಮಾಡಿದ್ದರಿಂದಲೇ ಆ ಸಂಭ್ರಮದಲ್ಲಿ ಉಸಿರುಗಟ್ಟಿದ ಹಾಗಾಗುತ್ತದೆ.

ಚಂದ್ರನ ಜೊತೆ ದೀಪ ಅಥವಾ ಬೆಂಕಿ ಇದ್ದರೆ?

ಆ ಎರಡು ಬೆಳಕುಗಳ ನಡುವಿನ ಸಂಬಂಧವನ್ನು ಓದಿ. ಬೆಳದಿಂಗಳ ಚಿತ್ರಗಳಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಇದು.

ಇಂಗ್ಲೆಂಡಿನ ಕಲಾವಿದ ಟರ್ನರ್ 1796ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ ಮೊದಲ ತೈಲಚಿತ್ರ ಸಮುದ್ರದಲ್ಲಿರುವ ಮೀನುಗಾರರದ್ದು. ಮೋಡ ಸರಿದ ಜಾಗದಿಂದ ಹುಣ್ಣಿಮೆ ಬೆಳಕು ಅಲೆಗಳ ಮೇಲೆ ಸುರಿಯುತ್ತಿದೆ. ದೋಣಿಯಲ್ಲಿ ಒಂದು ಸಣ್ಣ ಲಾಂದ್ರ. ಚಂದ್ರನ ಬೆಳಕು ದೊಡ್ಡದು, ತಣ್ಣನೆಯದು, ಅದಕ್ಕೆ ಆ ಜನರ ಗೊಡವೆ ಇಲ್ಲ. ಲಾಂದ್ರದ ಬೆಳಕು ಕೈಯಗಲ, ಆದರೆ ಬೆಚ್ಚಗಿದೆ. ಇವೆರಡರ ಅಳತೆಯಲ್ಲೇ ಅಪಾಯ ಎಷ್ಟು ಅಂತ ನಮಗೆ ಗೊತ್ತಾಗಿಬಿಡುತ್ತದೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದೇ ಟರ್ನರ್ ಸುಮಾರು 40 ವರ್ಷ ಆದಮೇಲೆ, 1835ರಲ್ಲಿ, ಟೈನ್ ನದಿಯಲ್ಲಿ ರಾತ್ರಿ ಕಲ್ಲಿದ್ದಲು ತುಂಬುವವರನ್ನು ಬರೆದರು. ಅಲ್ಲಿ ಆಕಾಶ ಹಗಲಿನಷ್ಟು ಬೆಳ್ಳಗೆ ಬೆಳಗುತ್ತಿದೆ, ಬಲಕ್ಕೆ ಪಂಜುಗಳ ಕೆಂಪು ಬೆಳಕಿನಲ್ಲಿ ಜನ ದುಡಿಯುತ್ತಿದ್ದಾರೆ. ಎರಡು ಬೆಳಕೂ ಪೈಪೋಟಿಗೆ ಬಿದ್ದಿವೆ. ರಾತ್ರಿ ಅಂದರೆ ವಿಶ್ರಾಂತಿ ಅನ್ನುವ ಊಹೆ ಇಲ್ಲಿ ನಿಲ್ಲುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಆಡಮ್ ಎಲ್ಸ್‌ಹೈಮರ್ 1609ರಲ್ಲಿ ತಾಮ್ರದ ತಗಡಿನ ಮೇಲೆ ಬರೆದ ಚಿತ್ರವಿದೆ, ಈಗ ಮ್ಯೂನಿಕ್‌ನಲ್ಲಿದೆ. ಬೈಬಲ್ ಕಥೆಯಂತೆ ಮಗು ಯೇಸುವನ್ನು ಕರೆದುಕೊಂಡು ರಾತ್ರಿ ಈಜಿಪ್ಟಿಗೆ ಓಡಿಹೋಗುತ್ತಿರುವ ಮೇರಿ, ಜೋಸೆಫ್ ಕುಟುಂಬ. ಬಲಕ್ಕೆ ಚಂದ್ರ ಮತ್ತು ನೀರಿನಲ್ಲಿ ಅವನ ಬಿಂಬ, ನಡುವೆ ಜೋಸೆಫ್ ಕೈಯಲ್ಲಿ ಪಂಜು, ಎಡಕ್ಕೆ ಕುರುಬರ ಬೆಂಕಿ, ಮೇಲೆ ಚುಕ್ಕಿ ಚುಕ್ಕಿಯಾಗಿ ಆಕಾಶಗಂಗೆ. ಇಷ್ಟೂ ಸುಮಾರು 31 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲದಲ್ಲಿ! ಕುಟುಂಬ ಎಡಕ್ಕೆ, ಬೆಂಕಿಯ ಕಡೆಗೆ ಹೋಗುತ್ತಿದೆ. ಇನ್ನೂ ತಲುಪಿಲ್ಲ. ಒಂದು ಬೆಳಕಿಗೂ ಇನ್ನೊಂದಕ್ಕೂ ನಡುವೆ ಉಳಿದಿರುವ ಕತ್ತಲನ್ನು ನೋಡಿ, ಚಿತ್ರದ ಆತಂಕವೆಲ್ಲ ಅಲ್ಲಿದೆ.

ಬೆನ್ನು ತಿರುಗಿಸಿ ನಿಂತ ಮನುಷ್ಯರು ಯಾಕೆ ಇಷ್ಟೊಂದು ಚಿತ್ರಗಳಲ್ಲಿ?

ಮುಖ ಕಂಡರೆ ನಾವು ಮುಖದಲ್ಲೇ ಭಾವ ಹುಡುಕುತ್ತೇವೆ. ಬೆನ್ನು ಕಂಡರೆ ಅವರು ನೋಡುತ್ತಿರುವ ಕಡೆ ನಾವೂ ನೋಡುತ್ತೇವೆ. ಫ್ರೀಡ್ರಿಶ್ ಇದನ್ನು ಮತ್ತೆ ಮತ್ತೆ ಮಾಡಿದರು. 1822ರ ಚಂದ್ರೋದಯದ ಚಿತ್ರ ಬರ್ಲಿನ್‌ನಲ್ಲಿದೆ, ಅದರಲ್ಲಿ ಬಂಡೆಯ ಮೇಲೆ ಮೂವರು ಕೂತಿದ್ದಾರೆ, ದೂರದಲ್ಲಿ ಹಾಯಿ ಹಡಗುಗಳು ಬರುತ್ತಿವೆ. ಕೂತವರು ಒಬ್ಬರಿಗೊಬ್ಬರು ಎಷ್ಟು ಹತ್ತಿರ, ಎಷ್ಟು ದೂರ ಅಂತ ಗಮನಿಸಿ. ಮನುಷ್ಯರೇ ಇಲ್ಲದ ಚಿತ್ರವಾದರೆ ಅಲ್ಲಿ ನಿಂತಿರುವುದು ನೀವೇ. ಆಗ ಕೇಳಬೇಕಾದ್ದು: ನನ್ನನ್ನು ಎಲ್ಲಿ ನಿಲ್ಲಿಸಿದ್ದಾರೆ? ದಾರಿ ಮೇಲೋ, ಪೊದೆಯ ಹಿಂದೋ, ನೆಲವೇ ಇಲ್ಲದ ಗಾಳಿಯಲ್ಲೋ?

ನನಗೆ ಭಯ ಅನ್ನಿಸಿತು, ಜೊತೆಯಲ್ಲಿದ್ದವರಿಗೆ ನೆಮ್ಮದಿ ಅನ್ನಿಸಿತು. ಯಾರು ಸರಿ?

ಇಬ್ಬರೂ ಸರಿ ಇರಬಹುದು, ಆದರೆ ಸುಮ್ನೆ "ಅವರವರ ಭಾವನೆ" ಅಂತ ಹೇಳಿ ಬಿಟ್ಟುಬಿಡಬೇಡಿ. ಇಬ್ಬರೂ ಚಿತ್ರದಲ್ಲಿ ಜಾಗ ತೋರಿಸಿ. ಭಯ ಅಂದವರು "ಬಲಗಡೆ ಕಾಡಿನೊಳಗೆ ಏನೂ ಕಾಣಲ್ಲ, ದಾರಿ ಅಲ್ಲಿಗೇ ಹೋಗುತ್ತೆ" ಅನ್ನಬಹುದು. ನೆಮ್ಮದಿ ಅಂದವರು "ಮನೆ ಕಿಟಕಿಯಲ್ಲಿ ದೀಪ ಇದೆ, ಹೊಗೆ ನೆಟ್ಟಗೆ ಮೇಲೆ ಹೋಗ್ತಿದೆ, ಗಾಳಿನೇ ಇಲ್ಲ" ಅನ್ನಬಹುದು. ಈಗ ಒಳ್ಳೆಯ ಮಾತುಕತೆ ಶುರುವಾಯಿತು. ದಾರಿ ಕಾಡಿಗೆ ಹೋಗುತ್ತಿದೆಯೋ, ಕಾಡಿನಿಂದ ಮನೆಗೆ ಬರುತ್ತಿದೆಯೋ ಅಂತ ಇಬ್ಬರೂ ಮತ್ತೆ ನೋಡುತ್ತೀರಿ. ಚಿತ್ರದಲ್ಲಿ ಬೆರಳಿಟ್ಟು ತೋರಿಸಲಾಗದ ಭಾವ ಹೆಚ್ಚಾಗಿ ಅವತ್ತಿನ ನಮ್ಮ ಮನಸ್ಥಿತಿಯದ್ದು. ಅದೂ ನಿಜವೇ, ಆದರೆ ಅದು ಚಿತ್ರದ ಮೂಡ್ ಅಲ್ಲ.

ಕಲಾವಿದರ ಬದುಕು, ಕಾಲ ಗೊತ್ತಿರಲೇಬೇಕಾ?

ಮೊದಲ ನೋಟಕ್ಕೆ ಬೇಡ. ಎರಡನೆಯದಕ್ಕೆ ತುಂಬ ಸಹಾಯ. ಫ್ರೀಡ್ರಿಶ್ ಚಿತ್ರದ ಆ ಇಬ್ಬರು ತೊಟ್ಟಿರುವುದು ಹಳೆಯ ಜರ್ಮನ್ ಉಡುಪು. 1815ರ ನಂತರ ಅಲ್ಲಿನ ಬಿಗಿ ಆಳ್ವಿಕೆಯನ್ನು ವಿರೋಧಿಸುವ ವಿದ್ಯಾರ್ಥಿಗಳು ಅದನ್ನು ಬೇಕೆಂದೇ ತೊಡುತ್ತಿದ್ದರು. ಇದು ಗೊತ್ತಾದ ಮೇಲೆ ಇಬ್ಬರು ಗೆಳೆಯರು ಕತ್ತಲಲ್ಲಿ, ಊರಿನಿಂದ ದೂರ, ಮಾತಿಲ್ಲದೆ ನಿಂತಿರುವುದಕ್ಕೆ ಇನ್ನೊಂದು ಪದರ ಸೇರುತ್ತದೆ. ಆದರೆ "ಕಲಾವಿದ ದುಃಖಿ, ಅದಕ್ಕೇ ಚಿತ್ರವೂ ದುಃಖ" ಅನ್ನುವ ಅಡ್ಡದಾರಿ ಬೇಡ. ನೊಂದವರೂ ಹಗುರವಾದ ಚಿತ್ರ ಬರೆಯುತ್ತಾರೆ.

ಗೂಬೆ, ಒಣಮರ, ಪಾಳು ಕಟ್ಟಡ ಇವಕ್ಕೆಲ್ಲ ಗೊತ್ತಾದ ಅರ್ಥ ಇದೆಯಾ?

ಕೆಲವು ಕಾಲದಲ್ಲಿ, ಕೆಲವು ಕಡೆ ಇತ್ತು. ಎಲ್ಲ ಚಿತ್ರಕ್ಕೂ ಹಚ್ಚಬೇಡಿ. ಒಣಮರಕ್ಕೆ ಚಿತ್ರದಲ್ಲಿ ಎಷ್ಟು ಜಾಗ ಕೊಟ್ಟಿದ್ದಾರೆ, ಬೆಳಕು ಅದರ ಮೇಲೆ ಬಿದ್ದಿದೆಯಾ ಅನ್ನುವುದು ಅದಕ್ಕಿಂತ ಮುಖ್ಯ.

ಕತ್ತಲೇ ಇಲ್ಲದ ರಾತ್ರಿಯ ಚಿತ್ರಗಳನ್ನು ಹೇಗೆ ಓದುವುದು?

ಒಳ್ಳೆಯ ಪ್ರಶ್ನೆ, ಯಾಕೆಂದರೆ ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಯುರೋಪಿನ ತೈಲಚಿತ್ರಗಳ ಲೆಕ್ಕ. ಹಿಮಾಲಯದ ತಪ್ಪಲಿನ ಪಹಾಡಿ ಶೈಲಿಯ ಚಿಕಣಿ ಚಿತ್ರಗಳಲ್ಲಿ ಆಕಾಶದಲ್ಲಿ ಚಂದ್ರ, ನಕ್ಷತ್ರ ಇರುತ್ತವೆ, ಆದರೆ ಕೆಳಗೆ ಉಡುಪಿನ ಕೆಂಪು, ಎಲೆಯ ಹಸಿರು ಹಗಲಿನಷ್ಟೇ ಸ್ಪಷ್ಟ. ಅಲ್ಲಿ ರಾತ್ರಿ ಅನ್ನುವುದು ಒಂದು ಸುದ್ದಿ. ಚಂದ್ರ ಅದನ್ನು ಹೇಳಿ ಸುಮ್ಮನಾಗುತ್ತಾನೆ. ಮೂಡ್ ಬರುವುದು ಭಂಗಿಯಿಂದ, ಖಾಲಿ ಹಾಸಿಗೆಯಿಂದ, ಬಾಗಿಲ ಕಡೆ ತಿರುಗಿದ ಕತ್ತಿನಿಂದ, ಹೂಬಿಟ್ಟ ಬಳ್ಳಿಯಿಂದ.

ಚೀನಾದ ಮಸಿ ಚಿತ್ರಗಳಲ್ಲಿ ಇನ್ನೊಂದು ದಾರಿ. ಚಂದ್ರನನ್ನು ಬರೆಯುವುದೇ ಇಲ್ಲ. ಸುತ್ತ ತೆಳು ಮಸಿಯ ಮೋಡ ಹರಡುತ್ತಾರೆ, ಬಿಟ್ಟ ಜಾಗವೇ ಚಂದ್ರ. ಚಂದ್ರನೂ ಹಾಳೆಯೂ ಒಂದೇ ಬಿಳುಪು ಆಗಿರುವುದರಿಂದ ಬೆಳಕು ಹಾಳೆಯ ಒಳಗಿನಿಂದ ಬಂದ ಹಾಗೆ ಕಾಣುತ್ತದೆ. ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಅಚ್ಚಿನ ಮೇಲೆ ಬಣ್ಣವನ್ನು ಒರೆಸಿ, ಗಾಢದಿಂದ ತಿಳಿಗೆ ಇಳಿಸುತ್ತಾರೆ. ಹಿರೋಷಿಗೆಯ ಆಕಾಶಗಳಲ್ಲಿ ಮೇಲ್ತುದಿಯ ಕಡುನೀಲಿ ಪಟ್ಟಿಯೊಂದೇ ರಾತ್ರಿಯನ್ನು ತಂದುಬಿಡುತ್ತದೆ. ಕವಾಸೆ ಹಸೂಯಿ 1930ರಲ್ಲಿ ಮಾಡಿದ ಮಾಗೊಮೆಯ ಚಂದ್ರನ ಚಿತ್ರದಲ್ಲಿ ಎತ್ತರದ ಪೈನ್ ಮರಗಳ ಹಿಂದೆ ಹುಣ್ಣಿಮೆ, ಕೆಳಗಿನ ಮನೆಯಲ್ಲಿ ಒಂದೇ ಒಂದು ಕಿಟಕಿಗೆ ದೀಪ. ಆ ಹಳದಿ ಚೌಕವನ್ನು ಬೆರಳಿನಿಂದ ಮುಚ್ಚಿ ನೋಡಿ, ಇಡೀ ಚಿತ್ರ ಬೇರೆಯದೇ ಆಗುತ್ತದೆ.

ಹಳೆಯ ಚಿತ್ರದ ಕತ್ತಲು ಕಲಾವಿದರದ್ದಾ, ಕಾಲದ್ದಾ?

ಕೇಳಲೇಬೇಕಾದ ಪ್ರಶ್ನೆ. ತೈಲಚಿತ್ರದ ಮೇಲೆ ಬಳಿಯುವ ವಾರ್ನಿಷ್ ವರ್ಷ ಕಳೆದಂತೆ ಹಳದಿಯಾಗಿ, ಕಂದಾಗಿ ಬೆಳ್ಳಿಯ ಬೆಳಕನ್ನೂ ಚಿನ್ನದ ಬಣ್ಣಕ್ಕೆ ತಿರುಗಿಸುತ್ತದೆ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ಕಾವಲು ಪಡೆಯ ಚಿತ್ರ ರಾತ್ರಿಯದ್ದೇ ಅಲ್ಲ. ಅದು ಎಷ್ಟು ಕಪ್ಪಾಗಿತ್ತೆಂದರೆ ಜನ ಅದನ್ನು ರಾತ್ರಿ ಕಾವಲು ಅಂತ ಕರೆದರು, 1940ರ ದಶಕದಲ್ಲಿ ಹಳೆಯ ವಾರ್ನಿಷ್ ತೆಗೆದ ಮೇಲೂ ಹೆಸರು ಉಳಿಯಿತು.

ಕುಯಿಂಜಿಯ ಕಥೆ ಇನ್ನೂ ಬೇಸರದ್ದು. 1880ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ದ್ನೀಪರ್ ನದಿಯ ಆ ಒಂದೇ ಚಿತ್ರವನ್ನು ಕತ್ತಲ ಕೋಣೆಯಲ್ಲಿ, ದೀಪದ ಬೆಳಕು ಬಿಟ್ಟು ತೋರಿಸಿದರು. ಜನ ಸಾಲುಗಟ್ಟಿ ನಿಂತರು. ಚಿತ್ರದ ಹಿಂದೆ ದೀಪ ಇಟ್ಟಿದ್ದಾರೇನೋ ಅಂತ ಇಣುಕಿ ನೋಡಿದವರೂ ಇದ್ದರಂತೆ. ಆದರೆ ಅವರು ಬಳಸಿದ ಕೆಲವು ಬಣ್ಣಗಳು ಬೇಗ ಕಪ್ಪಾಗುವಂಥವು, ಕೊಂಡ ರಾಜಮನೆತನದವರು ಚಿತ್ರವನ್ನು ಹಡಗಿನ ಪ್ರಯಾಣಕ್ಕೂ ಒಯ್ದರು. ಇವತ್ತು ನಾವು ನೋಡುವುದು ಆಗಿನದಕ್ಕಿಂತ ಕಪ್ಪಾದ ಚಿತ್ರವನ್ನು. ಹಾಗಾಗಿ ಹಳೆಯ ಚಿತ್ರವನ್ನು "ಇಷ್ಟು ಗಾಢ ನಿರಾಶೆ" ಅಂತ ಓದುವ ಮೊದಲು ಬಿಳಿ ಇರಬೇಕಾದ ಜಾಗ ನೋಡಿ. ಚಂದ್ರ, ಮೋಡದ ಅಂಚು, ಬಟ್ಟೆ ಎಲ್ಲವೂ ಒಂದೇ ಥರ ಚಹಾ ಬಣ್ಣಕ್ಕೆ ತಿರುಗಿದ್ದರೆ ಅದು ವಾರ್ನಿಷ್ ಇರಬಹುದು.

ಫೋನಿನಲ್ಲಿ ನೋಡಿದರೆ ಸಾಕಾಗಲ್ವಾ?

ಪರಿಚಯಕ್ಕೆ ಸಾಕು. ಆದರೆ ಸ್ಕ್ರೀನ್ ತಾನೇ ಬೆಳಕು ಕೊಡುತ್ತದೆ, ಕ್ಯಾನ್ವಾಸ್ ಕೊಡುವುದಿಲ್ಲ. ಬಣ್ಣದ ಡಬ್ಬಿಯಲ್ಲಿನ ಅತಿ ಬಿಳಿಯೂ ಕೋಣೆಯ ಬೆಳಕನ್ನಷ್ಟೇ ವಾಪಸ್ ಕೊಡಬಲ್ಲದು. ಚಂದ್ರ ಹೊಳೆಯುವಂತೆ ಮಾಡಲು ಕಲಾವಿದರು ಸುತ್ತಲಿನದ್ದನ್ನೆಲ್ಲ ಹಂತ ಹಂತವಾಗಿ ತಗ್ಗಿಸಬೇಕು. ಸ್ಕ್ರೀನಿನಲ್ಲಿ ಆ ಶ್ರಮ ಕಾಣುವುದಿಲ್ಲ. ಫೋಟೋ ತೆಗೆದವರು ಕತ್ತಲ ಭಾಗವನ್ನು ಎತ್ತಿ ತೋರಿಸಿರುತ್ತಾರೆ, ಅಥವಾ ಪೂರ್ತಿ ಕಪ್ಪಾಗಲು ಬಿಟ್ಟಿರುತ್ತಾರೆ. ನೋಡುವುದೇ ಆದರೆ ಮ್ಯೂಸಿಯಂನವರೇ ಹಾಕಿದ ದೊಡ್ಡ ಚಿತ್ರ ಹುಡುಕಿ, ಕೋಣೆಯ ದೀಪ ಕಡಿಮೆ ಮಾಡಿ. ಗ್ಯಾಲರಿಯಲ್ಲಾದರೆ ಪಕ್ಕಕ್ಕೆ ಸರಿದು ಗಾಜಿನ ಹೊಳಪು ತಪ್ಪಿಸಿ, ಮತ್ತೆ ಕೆಲವು ನಿಮಿಷ ಅಲ್ಲೇ ನಿಲ್ಲಿ. ಮೊದಲ ನಿಮಿಷದಲ್ಲಿ ಕಾಣದ್ದು ಆಮೇಲೆ ಕಾಣುತ್ತದೆ.

ಚಿತ್ರದ ಬಗ್ಗೆ ಬರೆಯಬೇಕು. "ಸುಂದರ", "ಪ್ರಶಾಂತ" ಬಿಟ್ಟರೆ ಪದವೇ ಸಿಗುತ್ತಿಲ್ಲ.

ಭಾವದ ಪದವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕಂಡದ್ದನ್ನು ಬರೆಯಿರಿ. ಒಂದು ಉದಾಹರಣೆ: "ಚಿತ್ರದ ಮುಕ್ಕಾಲು ಪಾಲು ಆಕಾಶ. ಚಂದ್ರ ಮೋಡದ ಹಿಂದೆ, ಮೋಡದ ಅಂಚು ಮಾತ್ರ ಬೆಳ್ಳಗೆ. ಕೆಳಗೆ ಊರು ಒಂದು ಕಪ್ಪು ಗೆರೆಯಷ್ಟೇ, ಅದರಲ್ಲಿ ಒಂದೂ ದೀಪವಿಲ್ಲ. ಮುಂದಿನ ಗದ್ದೆಯಲ್ಲಿ ನಿಂತ ನೀರು ಆಕಾಶಕ್ಕಿಂತ ಬೆಳ್ಳಗಿದೆ." ಇಷ್ಟು ಬರೆದ ಮೇಲೆ ಭಾವದ ಪದ ತಾನಾಗಿ ಬರುತ್ತದೆ, ಬಂದದ್ದು "ಪ್ರಶಾಂತ" ಆಗಿರುವುದಿಲ್ಲ. ಊರು ಮಲಗಿದೆಯೋ, ಊರಿನಲ್ಲಿ ಯಾರೂ ಇಲ್ಲವೋ ಅನ್ನುವ ಅನುಮಾನ ಅದು. ನಮ್ಮಲ್ಲಿ ಕತ್ತಲಿಗೆ ಪದಗಳ ಬರವಿಲ್ಲ: ನಸುಗತ್ತಲು, ಮಬ್ಬು, ಕಾವಳ, ಕಗ್ಗತ್ತಲು, ಗವ್ವೆನ್ನುವ ಕತ್ತಲು. ಯಾವುದು ಹೊಂದುತ್ತದೆ ಅಂತ ಆರಿಸುವಾಗಲೇ ಚಿತ್ರವನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ.

ನಾನೇ ಬೆಳದಿಂಗಳು ಬರೆಯುತ್ತೇನೆ, ಆದರೆ ಮೂಡ್ ಬರುತ್ತಿಲ್ಲ. ಏನು ಮಾಡಲಿ?

ನಿಮ್ಮ ಚಿತ್ರದ ಫೋಟೋ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ. ಚಂದ್ರ, ನೀರಿನ ಹೊಳಪು, ಗೋಡೆ, ಮೋಡ ಎಲ್ಲ ಒಂದೇ ಬಿಳುಪಿನಲ್ಲಿ ಕಾಣುತ್ತಿರಬಹುದು. ಬಹಳ ಜನಕ್ಕೆ ಆಗುವ ತೊಂದರೆ ಇದು. ಅತಿ ಬೆಳ್ಳಗೆ ಇರಬೇಕಾದ್ದು ಯಾವುದು ಅಂತ ಒಂದನ್ನು ಆರಿಸಿ, ಉಳಿದದ್ದನ್ನೆಲ್ಲ ಒಂದೊಂದು ಹಂತ ಕೆಳಗಿಳಿಸಿ. ಅದು ಚಂದ್ರನೇ ಆಗಬೇಕಿಲ್ಲ, ನೀರೂ ಆಗಬಹುದು. ಆಮೇಲೆ ಕತ್ತಲ ಕಡೆ ಬನ್ನಿ. ಡಬ್ಬಿಯ ಕಪ್ಪು ಬಣ್ಣವನ್ನೇ ನೇರವಾಗಿ ಬಳಿದಿದ್ದರೆ ಅದರ ಬದಲು ಕಡುನೀಲಿಗೆ ಕಂದು ಬೆರೆಸಿ ನೋಡಿ, ಒಂದು ಕಡೆ ನೀಲಿ ಜಾಸ್ತಿ, ಇನ್ನೊಂದು ಕಡೆ ಕಂದು ಜಾಸ್ತಿ. ಆ ಕತ್ತಲೊಳಗೆ ಒಂದು ವಸ್ತುವನ್ನು, ಒಂದೇ ಒಂದನ್ನು, ಹತ್ತಿರ ಬಂದು ನೋಡಿದವರಿಗೆ ಮಾತ್ರ ಸಿಗುವಷ್ಟು ಮಸುಕಾಗಿ ಬರೆಯಿರಿ. ಅದು ಬಾವಿ ಕಟ್ಟೆಯೋ, ನಿಂತ ಗಾಡಿಯೋ, ಕೂತ ಮನುಷ್ಯನೋ ಅನ್ನುವುದನ್ನು ನೀವು ತೀರ್ಮಾನಿಸಿ. ಅದು ಬದಲಾದರೆ ಚಿತ್ರದ ಮೂಡೂ ಬದಲಾಗುತ್ತದೆ.